ಕಿಟಕಿ ಮಗ್ಗುಲಿನ ಕಾಯಿ

ನಮ್ಮ ಗೇಟಿನ ಪಕ್ಕದಲ್ಲಿ ಒಂದು ಬೋರ್ಡಿತ್ತು. ‘ಈ ಮನೆಯಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ’ ಎಂದು ಹಸಿರು ಅಕ್ಷರದಲ್ಲಿ ಬರೆದು, ಪಕ್ಕದಲ್ಲೊಂದು ತೆಂಗಿನ ಮರ. ಬರೆಸಿದವಳು ನಾನೇ. ಈಗ ಆ ಬೋರ್ಡು ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಹಸು ಅದಕ್ಕೆ ಮೈ ಉಜ್ಜಿಕೊಳ್ಳುತ್ತದೆ. ಅಷ್ಟಕ್ಕಾದರೂ ಬಂತಲ್ಲ.

ಹೇಳಹೊರಟಿರುವುದು ನನ್ನದೇ ಮಾನಗೇಡಿನ ಸಂಗತಿ. ಊರಿನಲ್ಲಿ ಇದು ಪೂರ್ತಿ ಗೊತ್ತಿರುವುದು ನನಗೆ, ನನ್ನ ಗಂಡನಿಗೆ ಮತ್ತು ಎದುರುಮನೆ ಅಕ್ಕನಿಗೆ ಮಾತ್ರ. ಅವರಿಬ್ಬರೂ ಬಾಯಿ ಬಿಡುವವರಲ್ಲ. ಮೂವರಲ್ಲಿ ಬಾಯಿಬಡುಕಿ ಎಂದರೆ ನಾನೊಬ್ಬಳೇ, ಆದ್ದರಿಂದ ನಾನೇ ಹೇಳಬೇಕು.

ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವ ದಾರಿಯಲ್ಲಿ ತೋಟದ ನಡುವೆ ನಮ್ಮ ಮನೆ. ಕೆಳಗೆ ನಮ್ಮ ವಾಸ, ಮೇಲೆ ಕೊಬ್ಬರಿ ಅಟ್ಟ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವುದಕ್ಕೆ ಕರೆಂಟು ಬೇಡ, ಯಂತ್ರ ಬೇಡ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಅದನ್ನು ಅದರ ಪಾಡಿಗೆ ಬಿಡುವುದು. ತೀರಿಕೊಂಡ ನಮ್ಮತ್ತೆ ಹೇಳುತ್ತಿದ್ದರು, “ಅಟ್ಟದ ಕಾಯಿ ಅಂದ್ರೆ ಬಸುರಿ ಇದ್ದಂಗೆ ಕಣೇ. ಕುಲುಕಬಾರ್ದು, ಎತ್ತಿ ಹಾಕಬಾರ್ದು, ನೆನೆಸಬಾರ್ದು.” ಮದುವೆಯಾಗಿ ಬಂದ ವರ್ಷವೇ ಕೇಳಿದ ಮಾತು. ಮೂವತ್ತು ವರ್ಷ ಕೇಳಿದ್ದೇನೆ.

ಆ ಅಟ್ಟದಲ್ಲಿ ಒಂದು ಮೂಲೆ ನಮ್ಮದಲ್ಲ. ಎದುರುಮನೆ ಅಕ್ಕನದು ಶೀಟಿನ ಮನೆ, ಅಟ್ಟ ಕಟ್ಟುವ ಹಾಗಿಲ್ಲ. ಅವಳಿಗಿರುವುದು ಹನ್ನೆರಡು ಮರ. ಮಗಳು ಹುಟ್ಟಿದ ವರ್ಷ ಅವಳ ಗಂಡ ನೆಟ್ಟಿದ್ದು. ಆತ ಹೋಗಿ ಬಹಳ ಕಾಲವಾಯಿತು, ಮರಗಳು ಮಾತ್ರ ಬಿಡುತ್ತಲೇ ಇವೆ. ಅಟ್ಟ ಇಲ್ಲದವರ ಕಾಯಿಯನ್ನು ಅಟ್ಟ ಇರುವವರು ಇಟ್ಟುಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು, ಅದಕ್ಕೆ ಬಾಡಿಗೆ ಗೀಡಿಗೆ ಇಲ್ಲ. ಅತ್ತೆ ಆ ಅಕ್ಕನಿಗೆ ಪೂರ್ವದ ಕಿಟಕಿ ಮಗ್ಗುಲನ್ನೇ ಕೊಟ್ಟಿದ್ದರು. ಇಡೀ ಅಟ್ಟದಲ್ಲಿ ಒಳ್ಳೆ ಗಾಳಿ ಬರುವ ಜಾಗ ಅದು. “ಅವಳದು ಸ್ವಲ್ಪ ಕಾಯಿ, ಒಂದು ಕೆಟ್ರೂ ಅವಳಿಗೆ ಗೊತ್ತಾಯ್ತದೆ. ನಮ್ಮದು ರಾಶಿ, ನಡೀತದೆ” ಎಂದು ಇದ್ದಿಲಿನಲ್ಲಿ ಗೆರೆ ಎಳೆದಿದ್ದರು. ತಿಂಗಳಿಗೊಮ್ಮೆ ಅಕ್ಕ ಏಣಿ ಹತ್ತಿ ಬಂದು, ಯಾವುದಾದರೂ ಒಂದು ಕಾಯಿಯನ್ನು ಮೆಲ್ಲಗೆ ಎತ್ತಿ ಕಿವಿಯ ಹತ್ತಿರ ಹಿಡಿದು, ಇನ್ನೂ ನೀರಿನ ಸದ್ದೋ ಇಲ್ಲವೋ ನೋಡಿ, ಅದೇ ಜಾಗದಲ್ಲಿ ಇಟ್ಟು ಹೋಗುತ್ತಿದ್ದಳು.

ಹೋದ ವರ್ಷದ ಕಾಯಿಯ ಮೇಲೆ ಅವಳಿಗೆ ಇನ್ನೂ ಹೆಚ್ಚು ಆಸೆ. ಹುಳಿಯಾರಿಗೆ ಕೊಟ್ಟಿದ್ದ ಮಗಳಿಗೆ ಮದುವೆಯಾಗಿ ಆರು ವರ್ಷದ ಮೇಲೆ ಬಸಿರು ನಿಂತಿತ್ತು. ನಮ್ಮಲ್ಲಿ ಬಾಣಂತಿಗೆ ಕೊಬ್ಬರಿಯೇ ಜೀವ. ಅಂಟಿನುಂಡೆಗೆ, ಕೊಬ್ಬರಿ ಬೆಲ್ಲಕ್ಕೆ, ಎಣ್ಣೆಗೆ ಎಲ್ಲಕ್ಕೂ ಅದು ಬೇಕು. “ಅವಳ ಜೊತೆ ಹುಟ್ಟಿದ ಮರದ ಕೊಬ್ಬರೀಲೇ ಅವಳ ಬಾಣಂತನ ಮಾಡ್ತೀನಿ ಕಣವ್ವ” ಎಂದು ನನಗೆ ನಾಲ್ಕು ಸಲವಾದರೂ ಹೇಳಿದ್ದಳು. ನಾನು “ಮಾಡಕ್ಕ, ಮಾಡು” ಎಂದಿದ್ದೆ.

ಇನ್ನು ನನ್ನ ಕಥೆ. ಮನೆಯನ್ನು ಹೋಮ್‌ಸ್ಟೇ ಮಾಡುವ ಹುಚ್ಚು ನನಗೆ ಹತ್ತಿದ್ದು ತುಮಕೂರಿನಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದ ಮೇಲೆ. ಹಸಿರು ಆರ್ಥಿಕತೆ ಅನ್ನುವ ಮಾತನ್ನು ಮೊದಲು ಕೇಳಿದ್ದು ಅಲ್ಲೇ. ಪಾಠ ಮಾಡಿದ ಮೇಷ್ಟ್ರು ಒಳ್ಳೆಯವರು. ಪ್ರವಾಸಿಗಳು ಬಂದು ಹೋದ ಮೇಲೆ ಊರು ಮೊದಲಿಗಿಂತ ಕೆಡಬಾರದು, ಅಲ್ಲಿನ ಕಸುಬು ನಿಲ್ಲಬಾರದು, ಅಕ್ಕಪಕ್ಕದವರಿಗೂ ಅದರಲ್ಲಿ ಪಾಲಿರಬೇಕು ಎಂದು ಹೇಳಿಕೊಟ್ಟರು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದೆ. ಶಾಲೆಯಲ್ಲಿ ಓದುವಾಗಲೂ ಅಷ್ಟು ಶ್ರದ್ಧೆಯಿಂದ ಬರೆದುಕೊಂಡವಳಲ್ಲ.

ಮನೆಗೆ ಬಂದು ಕೆಲಸ ಶುರುಮಾಡಿದೆ. ಕೆಳಗಿನ ಎರಡು ಕೋಣೆಗೆ ಸುಣ್ಣ ಬಳಿಸಿದೆ. ಪ್ಲಾಸ್ಟಿಕ್ ಬೇಡ ಎಂದು ಕುಡಿಯುವುದಕ್ಕೆ ಕರಟದ ಲೋಟ ತರಿಸಿದೆ. ಎಲ್ಲಿಂದ? ಫೋನಿನಲ್ಲಿ ಆರ್ಡರ್ ಮಾಡಿ, ಕೇರಳದಿಂದ! ಒಂದೊಂದು ಲೋಟವೂ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬಂತು. ನಮ್ಮ ಹಿತ್ತಲಲ್ಲಿ ಸೊಂಟದೆತ್ತರ ಕರಟ ಬಿದ್ದಿತ್ತು. ನನ್ನ ಗಂಡ ಒಂದು ಲೋಟ ಕೈಯಲ್ಲಿ ಹಿಡಿದು ಹಿತ್ತಲ ಕಡೆ ನೋಡಿ, ನನ್ನ ಕಡೆ ನೋಡಿ, “ಚೆನ್ನಾಗೈತೆ ಬುಡು” ಎಂದರು. ನಾನು ಸಿಡುಕಿದೆ. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಮೊದಲು ಬಂದ ಬೆಂಗಳೂರಿನವರೊಬ್ಬರು ಅಟ್ಟ ನೋಡಬೇಕೆಂದರು. ಹತ್ತಿಸಿದೆ. ಅಡಿಕೆ ದಬ್ಬೆಯ ನೆಲ, ಹಂಚಿನ ಸಂದಿಯ ಬಿಸಿಲು, ಕೊಬ್ಬರಿಯ ಕಮ್ಮನೆ ವಾಸನೆ. ಅವರು ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ಅಲ್ಲಿಂದ ತೋಟದ ತಲೆಗಳು ಕಾಣುತ್ತವೆ, ಅದರಾಚೆ ಗುಡ್ಡ. “ಇಲ್ಲೇ ಮಲಗೋ ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು” ಎಂದರು. ಅಷ್ಟೇ ಸಾಕಾಯಿತು ನನಗೆ. ‘ಪರಿಸರಸ್ನೇಹಿ ಅಟ್ಟದ ಕೋಣೆ’ ಎಂಬ ಹೆಸರೂ ಅವತ್ತೇ ಹೊಳೆಯಿತು.

ಬೇಸಿಗೆ ರಜೆಗೆ ಬುಕಿಂಗ್ ಬಂತು. ಕಿಟಕಿ ಬೇಕೆಂದರೆ ಅಕ್ಕನ ಮೂಲೆಯೇ ಬೇಕು. ಅವಳು ಆಗ ಊರಲ್ಲಿರಲಿಲ್ಲ. ಮಗಳಿಗೆ ವಾಂತಿ, ಸಂಕಟ ಎಂದು ಹುಳಿಯಾರಿಗೆ ಹೋಗಿದ್ದಳು. ಫೋನು ಮಾಡಿ ಒಂದು ಮಾತು ಕೇಳಬಹುದಿತ್ತು. ಅವಳ ನಂಬರು ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಕೇಳಿದರೆ ‘ಬೇಡ’ ಎಂದಾಳು ಎಂದು ಕೇಳಲಿಲ್ಲ, ನಿಜ ಹೇಳಬೇಕೆಂದರೆ ಇಷ್ಟೇ.

ಗಂಡ ಹೇಳಿದರು, “ಆ ಕಾಯಿ ಮುಟ್ಬೇಡ ಕಣೇ. ಆರು ತಿಂಗಳಾಗೈತೆ ಅಷ್ಟೆ, ಒಳಗೆ ಇನ್ನೂ ನೀರೈತೆ. ಬೇಕಾದ್ರೆ ನಮ್ಮದನ್ನ ಇಳಿಸಿ ಅವಳದನ್ನ ಒತ್ತಟ್ಟಿಗೆ ಸರಿಸೋಣ.”

“ನಮ್ಮದು ರಾಶಿ ಕಣ್ರೀ, ಇಳಿಸೋಕೆ ನಾಲ್ಕು ದಿನ ಬೇಕು. ಅವಳದು ಒಂದು ಗಳಿಗೆ ಕೆಲಸ. ರಜೆ ಮುಗೀತಿದ್ದಂಗೆ ವಾಪಸ್ ಇಡಿಸ್ತೀನಿ.”

“ಅವಳಿಗೆ ಏನಂತ ಹೇಳ್ತೀಯ?”

“ಎಲ್ಲಾ ನಾನು ನೋಡ್ಕೊತೀನಿ, ನೀವು ಸುಮ್ನಿರಿ.”

ನಮ್ಮತ್ತೆ ಯಾವ ಕಾರಣಕ್ಕೆ ಅವಳಿಗೆ ಕಿಟಕಿ ಮಗ್ಗುಲು ಕೊಟ್ಟಿದ್ದರೋ, ಅದೇ ಕಾರಣ ಹೇಳಿ ನಾನು ಕಿತ್ತುಕೊಂಡೆ. ನಮ್ಮ ಕಾಯಿ ಇದ್ದಲ್ಲೇ ಇತ್ತು.

ಬುಟ್ಟಿಯಲ್ಲಿ ತುಂಬಿ ಏಣಿಯಲ್ಲಿ ಇಳಿಸುವುದು ಪದ್ಧತಿ. ಅತಿಥಿಗಳು ಮಧ್ಯಾಹ್ನಕ್ಕೆ ಬರುವವರಿದ್ದರು. ಕೆಳಗೆ ಸಿಪ್ಪೆಯ ರಾಶಿ ಹಾಸಿ ಕಿಟಕಿಯಿಂದಲೇ ಎಸೆಯಲು ಆಳುಗಳಿಗೆ ಹೇಳಿದೆ. ದಬ್, ದಬ್ ಎಂದು ಬೀಳುತ್ತಿದ್ದವು. ನಾನೇ ಕೆಳಗೆ ಸೆರಗು ಸಿಕ್ಕಿಸಿಕೊಂಡು ನಿಂತು “ಬೇಗ, ಬೇಗ” ಅನ್ನುತ್ತಿದ್ದೆ. ಅವಳ ಮರದ ಕಾಯಿಯ ಗುರುತು ಯಾರಿಗಾದರೂ ಹತ್ತುತ್ತದೆ. ನಮ್ಮದು ಗುಂಡಗೆ, ಅವಳದು ಉದ್ದಕ್ಕೆ, ತುದಿಯಲ್ಲಿ ಸ್ವಲ್ಪ ಚೂಪು. ನಾನೂರು ಚಿಲ್ಲರೆ ಉದ್ದ ಕಾಯಿಗಳು ಹಿತ್ತಲ ತಗಡಿನ ಶೆಡ್ಡಿಗೆ ಹೋದವು, ಮೇಲೆ ನೀಲಿ ಟಾರ್ಪಾಲು.

ಅಟ್ಟದ ಕೋಣೆ ಬಹಳ ಚೆನ್ನಾಗಿ ಓಡಿತು. ಹಂಚಿನ ಕೆಳಗೆ ಸೆಕೆ ಎಂದು ಒಬ್ಬರು ಫ್ಯಾನು ಕೇಳಿದರು, ಹಾಕಿಸಿದೆ. ಇನ್ನೊಬ್ಬರು ಏಸಿ ಕೇಳಿದರು, ಅದನ್ನೂ ಹಾಕಿಸಿದೆ. ಗಾಳಿಯಲ್ಲೇ ಕೊಬ್ಬರಿ ಒಣಗುತ್ತಿದ್ದ ಜಾಗದಲ್ಲಿ ಕಿಟಕಿ ಮುಚ್ಚಿ ಏಸಿ ಓಡಿಸಿ, ಕೆಳಗೆ ಊಟದ ಮಣೆಯ ಮುಂದೆ ನಿಂತು ಬಂದವರಿಗೆಲ್ಲ ಪ್ರಕೃತಿಯ ಪಾಠ ಹೇಳುತ್ತಿದ್ದೆ. ಹೇಳೋದು ಶಾಸ್ತ್ರ, ಹಾಕೋದು ಗಾಳ. ಅವರು ಫೋನಿನಲ್ಲಿ ಹೊಗಳಿ ಬರೆದರು. ಗಂಡನಿಗೆ ಓದಿ ಓದಿ ಹೇಳಿದೆ.

ಅಕ್ಕ ಹುಳಿಯಾರಿನಿಂದ ಬಂದ ಮರುದಿನವೇ ನಮ್ಮ ಮನೆಗೆ ಬಂದಳು. “ಮೇಲೆ ಹೋಗಿ ಕಾಯಿ ನೋಡ್ಕಂಡು ಬತ್ತೀನಿ ಕಣವ್ವ.”

“ಮೇಲೆ ಜನ ಇದ್ದಾರೆ ಅಕ್ಕ, ಈಗ ಬೇಡ.”

ಅವಳು ಏಣಿಯ ಕಂಬದ ಮೇಲಿಟ್ಟಿದ್ದ ಕೈ ತೆಗೆದಳು. ಇಪ್ಪತ್ತು ವರ್ಷಕ್ಕೂ ಮೇಲೆ ಅವಳು ಹತ್ತಿ ಇಳಿದ ಏಣಿ ಅದು. “ಕಾಯಿ ಚೆನ್ನಾಗವಾ?” ಎಂದಳು.

“ಹೂಂ, ಚೆನ್ನಾಗಿವೆ.”

ಆಮೇಲೆ ಅವಳು ಹತ್ತುವ ಮಾತು ಆಡಲಿಲ್ಲ. ಗೇಟಿನಲ್ಲಿ ಸಿಕ್ಕಾಗ ಮಾತ್ರ, “ಕಾಯಿ ಹೆಂಗವೆ?” ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ನಾನು ಚೆನ್ನಾಗಿವೆ ಅಂದೆ. ಬೇಸಿಗೆ ಮಳೆ ಬಂದು ಹೋಯಿತು, ರಜೆ ಮುಗಿಯಿತು. ವಾಪಸ್ ಇಡಿಸುವುದು ಇವತ್ತು ನಾಳೆ ಎಂದು ಮುಂದೆ ಬಿತ್ತು, ಶನಿವಾರ ಭಾನುವಾರಕ್ಕೆ ಯಾರಾದರೂ ಬರುತ್ತಲೇ ಇದ್ದರು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಶೆಡ್ಡಿನ ಕಡೆಯಿಂದ ವಾಸನೆ ಬಂತು. ಇಲಿ ಸತ್ತಿರಬೇಕು ಎಂದುಕೊಂಡು ಟಾರ್ಪಾಲು ಎತ್ತಿದೆ. ಅಡಿಯಲ್ಲಿ ನೀರು ಹರಿದು ನಿಂತಿತ್ತು. ಒಂದನ್ನು ಸುಲಿದು ಒಡೆದೆ, ಚಿಪ್ಪು ಬಿರುಕು ಬಿಟ್ಟು ಒಳಗೆ ತಿರುಳು ಕಪ್ಪಗೆ ಲೋಳೆಯಾಗಿತ್ತು. ಇನ್ನೊಂದು ಒಡೆದೆ, ಮತ್ತೊಂದು ಒಡೆದೆ. ಇಪ್ಪತ್ತಾದ ಮೇಲೆ ಒಡೆಯುವುದನ್ನು ಬಿಟ್ಟೆ. ನಡುವೆ ಐದಾರು ಕಾಯಿ ಮಾತ್ರ ಮೊಳಕೆ ಬಂದು, ಗೇಣುದ್ದ ಬಿಳಿ ಸುಳಿ ಬೆಳಕಿನ ಕಡೆ ಬಾಗಿತ್ತು.

ಆವತ್ತಾದರೂ ರಸ್ತೆ ದಾಟಿ ಹೋಗಿ ಅವಳ ಕಾಲು ಹಿಡಿಯಬಹುದಿತ್ತು. ಹೋಗಲಿಲ್ಲ. ತೋಟದ ಕೊನೆಯಲ್ಲಿ ಗುಂಡಿ ತೋಡಿಸಿ ಎಲ್ಲವನ್ನೂ ಹಾಕಿಸಿ, ಮೇಲೆ ಬೂದಿ ಮಣ್ಣು ಮುಚ್ಚಿಸಿದೆ. ಮೊಳಕೆಯದನ್ನೂ. ಗಂಡ ಗುಂಡಿಯ ದಡದಲ್ಲಿ ನಿಂತು, “ನಮ್ಮವ್ವ ಇದ್ದಿದ್ರೆ ನಿನ್ನನ್ನ ಮನೆಯೊಳಕ್ಕೆ ಸೇರಿಸ್ತಿರ್ಲಿಲ್ಲ” ಎಂದು ಹೇಳಿ ಹೋದರು. ಅವರು ನನಗೆ ಅಷ್ಟು ಕಠಿಣವಾಗಿ ಮಾತಾಡಿದ್ದು ಅದೊಂದೇ ಸಲ.

ನಾನು ಒಂದು ಉಪಾಯ ಮಾಡಿದೆ. ನಮ್ಮ ರಾಶಿಯಲ್ಲಿ ಚೆನ್ನಾಗಿ ಒಣಗಿದ ಕಾಯಿ ಆರಿಸಿ, ಎಣಿಸಿದ್ದಕ್ಕಿಂತ ನಾಲ್ಕು ಹೆಚ್ಚೇ ಸೇರಿಸಿ, ಅವಳದು ಎಂದು ಬೇರೆ ಇಟ್ಟೆ. ಕೊಬ್ಬರಿಗೆ ಕೊಬ್ಬರಿ ಕೊಟ್ಟ ಹಾಗಾಯಿತು, ನಮ್ಮದು ಇನ್ನೂ ದಪ್ಪ, ಅವಳಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳಬೇಕಾಗುತ್ತಿತ್ತು. ಗೇಟಿನ ಹತ್ತಿರ ಅವಳ ಬಳೆ ಸದ್ದಾದರೆ ನಾನು ಅಡುಗೆಮನೆ ಸೇರುತ್ತಿದ್ದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ‘ಶೆಡ್ಡು’ ಅಂದರೂ ನನ್ನ ಮೈ ಬೆವರುತ್ತಿತ್ತು.

ದಸರಾ ರಜೆಗೆ ಮನೆ ತುಂಬ ಜನ. ಅಕ್ಕನ ಮಗಳು ತುಂಬು ಬಸುರಿಯಾಗಿ ತವರಿಗೆ ಬಂದಿದ್ದಳು, ಅವಳಿಗೆ ಕೊಬ್ಬರಿ ಬೇಕಾಗಿತ್ತು. ನನ್ನ ಬುದ್ಧಿ ನೋಡಿ, ಅದರಲ್ಲೂ ಅತಿಥಿಗಳಿಗೊಂದು ಕಾರ್ಯಕ್ರಮ ಕಂಡಿತು! ‘ಕೊಬ್ಬರಿ ಸುಲಿಯುವ ಅನುಭವ’ ಎಂದು ಬೆಳಿಗ್ಗೆ ತಿಂಡಿಯ ಜೊತೆ ಹೇಳಿ, ಎಲ್ಲರನ್ನೂ ಅಂಗಳಕ್ಕೆ ಕರೆದೆ. ಅಕ್ಕನನ್ನೂ ಕರೆದೆ. ಅವಳಷ್ಟು ಚೆಂದ ಸುಲಿಯುವವರು ಸುತ್ತಿನಲ್ಲಿ ಇಲ್ಲ. ಜನರ ನಡುವೆ ಇದ್ದರೆ ಅವಳು ಹೆಚ್ಚು ನೋಡುವುದಿಲ್ಲ, ಹೆಚ್ಚು ಕೇಳುವುದಿಲ್ಲ ಅನ್ನುವುದೂ ನನ್ನ ಲೆಕ್ಕದಲ್ಲಿತ್ತು.

ಅವಳು ಸೀರೆ ಎತ್ತಿ ಕಟ್ಟಿ, ನೆಲಕ್ಕೆ ನೆಟ್ಟ ಕಬ್ಬಿಣದ ಮುಂದೆ ನಿಂತು ಮೊದಲ ಕಾಯಿ ಕೈಗೆ ತೆಗೆದುಕೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಲೊಡಲೊಡ ಅಂದಿತು. ಆಮೇಲೆ ಅದನ್ನು ಕೆಳಗಿಳಿಸಿ ಎರಡು ಕೈಯಲ್ಲೂ ತಿರುಗಿಸಿ ನೋಡಿದಳು, ಹೆಬ್ಬೆರಳಿನಿಂದ ಅದರ ಗುಂಡು ತುದಿಯನ್ನು ಸವರಿದಳು. ರಾಶಿಯ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ. ಆಮೇಲೆ ಕಬ್ಬಿಣಕ್ಕೆ ಕಾಯಿ ಹೊಡೆದು ಮೂರೇ ಸೀಳಿಗೆ ಸುಲಿದು, ಮಚ್ಚಿನ ಬೆನ್ನಿನಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ, ಚಿಪ್ಪು ಬಿಡಿಸಿ ಕೊಬ್ಬರಿ ಉಂಡೆಯನ್ನು ಇಡಿಯಾಗಿ ತೆಗೆದಳು. ಜನ ಚಪ್ಪಾಳೆ ತಟ್ಟಿದರು.

ಒಬ್ಬ ಹೆಂಗಸು ಫೋನು ಹಿಡಿದುಕೊಂಡು ಹತ್ತಿರ ಹೋಗಿ ಕೇಳಿದಳು, “ಅಮ್ಮ, ಇದೆಲ್ಲ ನಿಮ್ಮದೇ ಮರದ್ದಾ?”

ಈಗ ಅವಳು ಏನು ಬೇಕಾದರೂ ಹೇಳಬಹುದಿತ್ತು. ಹೇಳಿದ್ದರೆ ಅಂಗಳದ ತುಂಬ ಜನರ ಮುಂದೆ ನನ್ನ ಬೋರ್ಡು, ನನ್ನ ಪಾಠ, ನನ್ನ ಮರ್ಯಾದೆ ಎಲ್ಲ ಮಣ್ಣುಪಾಲಾಗುತ್ತಿತ್ತು.

“ಹೂಂ ಕಣವ್ವ,” ಎಂದಳು ಅಕ್ಕ, “ನಮ್ಮ ಮರದ್ದೇ.”

ಅಷ್ಟು ಹೇಳಿ ಇನ್ನೊಂದು ಕಾಯಿಗೆ ಕೈ ಹಾಕಿದಳು. ಮರುದಿನ ಸಂಜೆಯೊಳಗೆ ಅಷ್ಟನ್ನೂ ಸುಲಿದು ಮುಗಿಸಿದಳು. ಹೋಗುವಾಗ ಹೆಚ್ಚಿನ ನಾಲ್ಕು ಉಂಡೆಯನ್ನು ಜಗಲಿಯ ಮೇಲೆ ಬಿಟ್ಟು ಹೋಗಿದ್ದಳು. ಅವಳು ಎಣಿಸಿದ್ದನ್ನು ನಾನು ನೋಡಿರಲಿಲ್ಲ.

ಆ ವಾರದಲ್ಲೇ ಹೆಣ್ಣು ಮಗು ಹುಟ್ಟಿತು. ಹೆಸರಿಡುವ ದಿನ ಹೋದೆ. ಹೋಗದೆ ಇದ್ದರೆ ಊರೇ ಕೇಳುತ್ತದಲ್ಲ. ಮಗು ನೋಡಿ, ಬಾಣಂತಿಯ ಕೈಗೆ ಉಡುಗೊರೆ ಕೊಟ್ಟು, ಹೊರಡುವಾಗ ಅಕ್ಕ ತಟ್ಟೆಯಲ್ಲಿ ಅಂಟಿನುಂಡೆ ತಂದಳು. ನಾನು, “ಬೇಡಕ್ಕ, ಹೊಟ್ಟೆ ಸರಿಯಿಲ್ಲ” ಎಂದೆ.

“ತಿನ್ನವ್ವ,” ಎಂದಳು. “ನಿಮ್ಮನೆ ಕೊಬ್ಬರೀನೇ.”

ದನಿಯಲ್ಲಿ ಸಿಟ್ಟಿರಲಿಲ್ಲ. ಚುಚ್ಚಿ ಆಡಿದ್ದರೆ ನನ್ನ ಬಾಯಿಗೂ ಒಂದು ಮಾತು ಬರುತ್ತಿತ್ತು, ನಾನು ಜಗಳಕ್ಕೆ ಹೆದರುವವಳಲ್ಲ. ಆದರೆ ಅವಳು ಉಪ್ಪು ಬೇಕಾ ಎಂದು ಕೇಳುವಷ್ಟು ಸಾದಾ ದನಿಯಲ್ಲಿ ಹೇಳಿದ್ದಳು. ಉಂಡೆ ಕೈಯಲ್ಲಿ ಹಿಡಿದುಕೊಂಡೇ ಎದ್ದೆ. ಹಿತ್ತಲಿಗೆ ಹೋಗಿ ಅವಳ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವಳೇ ಹಿಂದೆ ಬಂದಳು. ಎಲ್ಲವನ್ನೂ ಹೇಳಿದೆ. ಕಿಟಕಿಯಿಂದ ಎಸೆಸಿದ್ದು, ಶೆಡ್ಡು, ಮಳೆ, ಗುಂಡಿ. ಮೊಳಕೆಯ ಮಾತನ್ನೂ ಹೇಳಿದೆ. ಹೇಳಲೇಬೇಕಾದ ಮಾತಲ್ಲ, ಬಾಯಿಗೆ ಬಂತು.

ಆಗ ಅವಳು ತಲೆ ಎತ್ತಿದಳು.

“ಮೊಳಕೆ ಬಂದಿದ್ವಾ?”

“ಐದಾರು.”

“ಹಂಗಾದ್ರೆ ಅವನ್ನಾದ್ರೂ ಕೊಡ್ಬೋದಿತ್ತಲ್ಲವ್ವ,” ಎಂದಳು. “ಈ ಕೂಸಿನ ಹೆಸರಲ್ಲಿ ನೆಡ್ತಿದ್ದೆ.”

ಅವಳ ಗಂಡ ನೆಟ್ಟ ಮರದ ಬೀಜ, ಮೊಮ್ಮಗಳು ಹುಟ್ಟಿದ ವರ್ಷ, ತಾನಾಗಿ ಮೊಳೆತು ನಿಂತಿದ್ದವು. ನನ್ನ ತಪ್ಪು ಯಾರಿಗೂ ಕಾಣಬಾರದು ಎಂದು ಅವುಗಳ ಮೇಲೂ ಮಣ್ಣು ಎಳೆಸಿದ್ದೆ. ಮನೆಗೆ ಬಂದವಳೇ ಗುದ್ದಲಿ ಹಿಡಿದು ಗುಂಡಿಗೆ ಹೋದೆ. ಗಂಡನೂ ಬಂದು ಅಗೆದರು. ಮೊಳಕೆಗಳೂ ಕೊಳೆತು ಗೊಬ್ಬರವಾಗಿದ್ದವು.

ಆ ವಾರವೇ ಏಸಿ ಬಿಚ್ಚಿಸಿದೆ, ಮಂಚ ಇಳಿಸಿದೆ. ಇದ್ದಿಲಿನ ಗೆರೆ ಅಳಿಸಿಹೋಗಿತ್ತು, ನಾನೇ ಕೂತು ಮತ್ತೆ ಎಳೆದೆ. ಅತ್ತೆ ಎಳೆದಿದ್ದಷ್ಟು ನೆಟ್ಟಗೆ ಬರಲಿಲ್ಲ. ಬುಕಿಂಗ್ ಮಾಡಿದ್ದವರಿಗೆ ಅಟ್ಟದ ಕೋಣೆ ಇಲ್ಲ ಎಂದು ತಿಳಿಸಿದೆ. ಒಬ್ಬರು ರೇಗಿದರು, ರೇಗಲಿ.

ದೀಪಾವಳಿ ಕಳೆದ ಮೇಲೆ ಅಕ್ಕ ತನ್ನ ಮರದ ಕಾಯಿ ಕೀಳಿಸಿದ್ದಳು. ಅವಳ ಮನೆಯ ಮುಂದೆ ಉದ್ದ ಕಾಯಿಗಳ ರಾಶಿ ಬಿದ್ದಿತ್ತು. ಎರಡು ದಿನ ಕಾದೆ, ಬುಟ್ಟಿ ಹೊತ್ತು ಬರುತ್ತಾಳೆ ಎಂದು. ಬರಲಿಲ್ಲ. ಮೂರನೆಯ ದಿನ ನಾನೇ ಹೋದೆ.

“ಅಕ್ಕ, ಕಿಟಕಿ ಮಗ್ಗುಲು ಖಾಲಿ ಮಾಡಿದ್ದೀನಿ. ಗುಡಿಸಿ ಇಟ್ಟಿದ್ದೀನಿ. ಕಾಯಿ ಏರಿಸೋಣ ಬಾ, ಬುಟ್ಟಿ ನಾನೇ ಹೊರ್ತೀನಿ.”

ಅವಳು ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಬ್ಯಾಡ ಬುಡವ್ವ. ಹಸಿಕಾಯಿ ಲಾರಿಯವನಿಗೆ ಹೇಳಿವ್ನಿ, ಈಗ ಬತ್ತಾನೆ.”

“ಯಾಕಕ್ಕ? ಇನ್ಮೇಲೆ ಯಾರೂ ಮುಟ್ಟಲ್ಲ. ಆಣೆ ಮಾಡ್ತೀನಿ.”

“ಆಣೆಗೀಣೆ ಯಾಕೆ, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ.” ಮಗುವನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದಳು. “ನಿಮ್ಮನೆಗೆ ಜನ ಬತ್ತಾರೆ, ಎರಡು ದಿನ ಇರ್ತಾರೆ, ಹೋಯ್ತಾರೆ. ಅವರಿಗೆ ಜಾಗ ಬೇಕು. ನಮ್ಮ ಕಾಯಿ ವರ್ಷ ಪೂರ್ತಿ ಒಂದೇ ಕಡೆ ಕೂತಿರ್ಬೇಕು ಕಣವ್ವ.”

ಲಾರಿ ಬಂತು. ನಾನು ರಸ್ತೆಯ ಈಚೆ ನಿಂತು ನೋಡಿದೆ. ತುಂಬುವವನು ಒಂದೊಂದನ್ನೂ ದೂರದಿಂದಲೇ ಎಸೆಯುತ್ತಿದ್ದ. ದಬ್, ದಬ್ ಅನ್ನುತ್ತಿತ್ತು. ಅಕ್ಕ ಆ ಕಡೆ ನೋಡದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಈಗಲೂ ನಮ್ಮಲ್ಲಿಗೆ ಜನ ಬರುತ್ತಾರೆ, ಕೆಳಗಿನ ಎರಡು ಕೋಣೆಯಲ್ಲಿ ಇರುತ್ತಾರೆ. ಹಿತ್ತಲ ಕರಟದಲ್ಲಿ ಊರಿನವನೊಬ್ಬ ಮಾಡಿಕೊಟ್ಟ ಲೋಟದಲ್ಲಿ ನೀರು ಕುಡಿಯುತ್ತಾರೆ. ಕೇಳಿದವರನ್ನು ಅಟ್ಟಕ್ಕೆ ಹತ್ತಿಸುತ್ತೇನೆ, ಕಾಯಿ ಮುಟ್ಟಬೇಡಿ ಎಂದು ಮೊದಲೇ ಹೇಳಿ. ಮೊನ್ನೆ ಒಬ್ಬರು ಕಿಟಕಿಯ ಹತ್ತಿರ ಹೋಗಿ ಕೇಳಿದರು, “ಎಲ್ಲ ಕಡೆ ತುಂಬಿದ್ದೀರಿ, ಇಷ್ಟು ಒಳ್ಳೆ ಜಾಗ ಯಾಕೆ ಖಾಲಿ ಬಿಟ್ಟಿದ್ದೀರಿ?”

“ಅದು ಎದುರುಮನೆ ಅಕ್ಕನ ಜಾಗ” ಎಂದೆ.

“ಅವರು ಈಗ ಇಲ್ಲವಾ?”

“ಇದ್ದಾಳೆ,” ಎಂದೆ. ಕಿಟಕಿಯಿಂದ ಅವಳ ಶೀಟಿನ ಮನೆ ಕಾಣುತ್ತಿತ್ತು, ಅಂಗಳದ ಹಗ್ಗದ ಮೇಲೆ ಮಗುವಿನ ಬಟ್ಟೆ ಒಣಗುತ್ತಿತ್ತು. “ಅಲ್ಲೇ ಇದ್ದಾಳೆ.”